ಕ್ಷಮೆ: ಕ್ರೈಸ್ತಧರ್ಮದಲ್ಲಿ ಪ್ರತೀಕಾರತ್ಯಾಗದ ತತ್ತ್ವವೂ ಚರಿತ್ರೆಯೂ

ತನಗೆ ಕೇಡೆಸಗಿದವನಿಗೆ ಕೇಡನ್ನೇ ಮರಳಿಸಬೇಕೆಂಬ ಬಯಕೆಯನ್ನೂ, ಹಾಗೆ ಮರಳಿಸಲು ನೊಂದವನಿಗೆ ಉಂಟೆಂದು ಲೋಕರೂಢಿಯು ಒಪ್ಪಿಕೊಂಡು ಬಂದಿರುವ ಹಕ್ಕನ್ನೂ, ಯಾರ ಬಲವಂತಕ್ಕೂ ಒಳಗಾಗದೆ ಸ್ವಸಂಕಲ್ಪದಿಂದ ಬಿಟ್ಟುಕೊಡುವ ಕ್ರಿಯೆಗೆ ಕ್ರೈಸ್ತ ನೀತಿಶಾಸ್ತ್ರದಲ್ಲಿ ಕ್ಷಮೆಯೆಂದು ಹೆಸರು. ಇದು ಮರೆವಲ್ಲ, ನಡೆದ ಅನ್ಯಾಯವನ್ನು ಅನ್ಯಾಯವೇ ಅಲ್ಲವೆಂದು ಸಾಧಿಸುವ ಔದಾರ್ಯವೂ ಅಲ್ಲ, ತಪ್ಪೆಂದು ಖಚಿತವಾದುದನ್ನು ಮಾತ್ರವೇ ಕ್ಷಮಿಸಲು ಬರುವುದಲ್ಲದೆ, ತಪ್ಪಲ್ಲದುದಕ್ಕೆ ಕ್ಷಮೆಯ ಪ್ರಸಂಗವೇ ಒದಗದು. ಅಪರಾಧಿಗೆ ರಾಜ್ಯವು ವಿಧಿಸುವ ದಂಡನೆಯ ಮನ್ನಾ, ಮುರಿದ ಸಂಬಂಧವು ಮತ್ತೆ ಕೂಡಿಬರುವ ಸಂಧಾನ, ಇವೆರಡೂ ಅನೇಕ ವೇಳೆ ಕ್ಷಮೆಯೊಡನೆ ಬೆರೆತು ತೋರುವುವಾದರೂ ಅವುಗಳ ಅಧಿಕಾರಿಗಳು ಬೇರೆ ಬೇರೆ: ಕ್ಷಮೆಯನ್ನು ನೊಂದವನೊಬ್ಬನೇ ಕೊಡಬಲ್ಲನು, ದಂಡನೆಯ ಮಾತು ನ್ಯಾಯಪೀಠಕ್ಕೆ ಸೇರಿದ್ದು, ಸಂಧಾನಕ್ಕಾದರೋ ಉಭಯಪಕ್ಷಗಳೂ ಬೇಕು. ಈ ವಿವೇಕವನ್ನು ಉಳಿಸಿಕೊಂಡೆಡೆಯಲ್ಲಿ ಕ್ರೈಸ್ತಸಭೆಯ ಉಪದೇಶವು ವೈರದ ಸರಪಣಿಗಳನ್ನು ಕಡಿದುಹಾಕಿರುವುದುಂಟು. ಅದನ್ನು ಮರೆತೆಡೆಯಲ್ಲಿ ಅದೇ ಉಪದೇಶವು ದುರ್ಬಲರ ಬಾಯಿ ಕಟ್ಟುವ ಸಾಧನವಾಗಿರುವುದೂ ಉಂಟು.

ಪ್ರತೀಕಾರವು ಕ್ರಮಕ್ರಮವಾಗಿ ಮಿತಿಗೆ ಒಳಪಟ್ಟ ಕಥೆಯು ಹಳೆಯ ಒಡಂಬಡಿಕೆಯ ಮೊದಲ ಪುಟಗಳಿಂದಲೇ ತೊಡಗುತ್ತದೆ. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಕಾಯಿನನ ವಂಶದವನಾದ ಲೆಮೆಕನೆಂಬವನು ತನಗೆ ಗಾಯಮಾಡಿದ ಯುವಕನನ್ನು ಕೊಂದುದಾಗಿಯೂ, ಕಾಯಿನನಿಗಾಗಿ ಏಳರಷ್ಟು ಮುಯ್ಯಿ ಸಲ್ಲುವುದಾದರೆ ತನಗಾಗಿ ಎಪ್ಪತ್ತೇಳರಷ್ಟು ಸಲ್ಲತಕ್ಕದ್ದೆಂದೂ ತನ್ನಿಬ್ಬರು ಹೆಂಡಿರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಅಳತೆಯೇ ಇಲ್ಲದ ಈ ಸೇಡಿನ ಮುಂದೆ, ಕಣ್ಣಿಗೆ ಒಂದೇ ಕಣ್ಣು, ಹಲ್ಲಿಗೆ ಒಂದೇ ಹಲ್ಲು ಎಂಬ ಮೋಶೆಯ ವಿಧಿಯನ್ನಿಟ್ಟು ನೋಡಿದರೆ, ಇಂದು ಕ್ರೌರ್ಯದ ಮಾದರಿಯೆಂದು ಜನರು ಎತ್ತಿ ಆಡುವ ಆ ವಿಧಿಯು ತನ್ನ ಕಾಲದಲ್ಲಿ ಸೇಡಿಗೆ ಹಾಕಿದ ಕಡಿವಾಣವಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ಇಂಥ ಸಮಪ್ರತೀಕಾರದ ನಿಯಮವು ಇಸ್ರಾಯೇಲ್ಯರಿಗೇ ವಿಶಿಷ್ಟವಾದುದಲ್ಲ. ಕ್ರಿ.ಪೂ. 18ನೆಯ ಶತಮಾನದ ಬಾಬಿಲೋನಿಯದ ಅರಸನಾದ ಹಮ್ಮುರಾಬಿಯ ಶಾಸನದಲ್ಲಿಯೂ ಅದು ಕಾಣಬರುತ್ತದೆ. ಆದರೆ ಅಲ್ಲಿ ಕುಲೀನನ ಕಣ್ಣಿಗೆ ಕಣ್ಣೂ, ಸಾಮಾನ್ಯನ ಕಣ್ಣಿಗೆ ಬೆಳ್ಳಿಯ ದಂಡವೂ ಗೊತ್ತಾಗಿದ್ದಿತು. ವಿಮೋಚನಕಾಂಡವೂ ಯಜಮಾನನನ್ನೂ ದಾಸನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲವೆಂಬುದು ನಿಜ. ಆದರೆ ದಾಸನ ಕಣ್ಣನ್ನೋ ಹಲ್ಲನ್ನೋ ಕಳೆದ ಯಜಮಾನನು ಆ ದಾಸನನ್ನು ಬಿಡುಗಡೆಮಾಡಿ ಕಳುಹಿಸತಕ್ಕದ್ದೆಂದು ಅದು ವಿಧಿಸಿತು. ಮುಂದೆ ಯೆಹೂದ್ಯ ಶಾಸ್ತ್ರಜ್ಞರು ಈ ವಿಧಿಯನ್ನೆಲ್ಲ ದ್ರವ್ಯರೂಪದ ಪರಿಹಾರವೆಂದೇ ಅರ್ಥೈಸಿದರು.

ಕೊಲೆಯ ವಿಷಯದಲ್ಲಿ ವ್ಯವಸ್ಥೆಯು ಇನ್ನೂ ಸೂಕ್ಷ್ಮವಾದುದು. ಹತನಾದವನ ಸಮೀಪಬಂಧುವಿಗೆ ಕೊಂದವನನ್ನು ಬೆನ್ನಟ್ಟಿ ಕೊಲ್ಲುವ ಕರ್ತವ್ಯವಿದ್ದ ಆ ಕುಲಜೀವನದಲ್ಲಿ, ಕೈತಪ್ಪಿ ಕೊಂದವನು ಬಂಧುವಿನ ಕೋಪವು ಆರುವ ಮುನ್ನ ಓಡಿಹೋಗಿ ಸೇರಿಕೊಳ್ಳಲೆಂದು ಯೊರ್ದನ್ ಹೊಳೆಯ ಈಚೆಗೆ ಮೂರು, ಆಚೆಗೆ ಮೂರು, ಒಟ್ಟು ಆರು ಆಶ್ರಯನಗರಗಳು ನಿಯಮಿತವಾದುವು. ಹೆಬ್ರೋನ್, ಶೆಕೆಮ್ ಇವು ಆ ಪೈಕಿಯವು. ಅಲ್ಲಿ ಸಮೂಹದ ಮುಂದೆ ವಿಚಾರಣೆ ನಡೆದು, ಕೃತ್ಯವು ಬೇಕೆಂದೇ ಮಾಡಿದುದಲ್ಲವೆಂದು ತೀರ್ಮಾನವಾದರೆ, ಆ ಕಾಲದ ಮಹಾಯಾಜಕನು ತೀರಿಕೊಳ್ಳುವವರೆಗೆ ಅವನು ಆ ನಗರದೊಳಗೆ ಸುರಕ್ಷಿತನು. ಕೋಪಕ್ಕೂ ಕೊಲೆಗೂ ನಡುವೆ ಕೆಲವು ಹರಿದಾರಿಗಳ ದಾರಿಯನ್ನೂ ಒಂದು ನ್ಯಾಯಸಭೆಯನ್ನೂ ಇರಿಸಿದ ಈ ಏರ್ಪಾಡು ಕ್ಷಮೆಯಲ್ಲದಿದ್ದರೂ ಕ್ಷಮೆಗೆ ಎಡೆಮಾಡಿಕೊಟ್ಟಿತೆನ್ನಬಹುದು. ಇದರ ಜತೆಗೆ, ಮುಯ್ಯಿ ತೀರಿಸುವುದು ದೇವರ ಕೆಲಸವೇ ಹೊರತು ಮನುಷ್ಯನದಲ್ಲವೆಂಬ ಧರ್ಮೋಪದೇಶಕಾಂಡದ ಮಾತೂ ಬೆಳೆದುಬಂತು. ಕೀರ್ತನೆಗಳ ಗ್ರಂಥದಲ್ಲಿ, ಮುಖ್ಯವಾಗಿ 109ನೆಯದರಲ್ಲಿಯೂ 137ನೆಯದರಲ್ಲಿಯೂ, ವೈರಿಗಳ ಮೇಲೆ ಸುರಿಯುವ ಘೋರವಾದ ಶಾಪಗಳು ಭಕ್ತರಾದ ಓದುಗರನ್ನು ಬಹುಕಾಲದಿಂದ ಕಕ್ಕಾಬಿಕ್ಕಿಯಾಗಿಸಿವೆ. ಅವುಗಳಿಗೆ ಸಮಾಧಾನವನ್ನು ಹುಡುಕುವವರು ಗಮನಿಸಬೇಕಾದುದೇನೆಂದರೆ, ಆ ಕೋಪವೆಲ್ಲವೂ ದೇವರ ಕಿವಿಗೆ ಬಿದ್ದುದೇ ಹೊರತು ಕತ್ತಿಯ ಮೊನೆಗೆ ಏರಲಿಲ್ಲ. ನೊಂದವನ ಆಕ್ರೋಶಕ್ಕೆ ಪ್ರಾರ್ಥನೆಯಲ್ಲಿ ಸ್ಥಳವಿದೆಯೆಂದು ಒಪ್ಪಿದ ಧರ್ಮವು ಅದನ್ನು ಅಡಗಿಸಿಡೆಂದು ಹೇಳಿದ ಧರ್ಮಕ್ಕಿಂತ ಮನುಷ್ಯನನ್ನು ಹೆಚ್ಚು ಬಲ್ಲದು.

ಹಳೆಯ ಒಡಂಬಡಿಕೆಯಲ್ಲಿ ಕ್ಷಮೆಯ ಅತಿ ವಿಸ್ತಾರವಾದ ಆಖ್ಯಾನವೆಂದರೆ ಯೋಸೇಫನದು. ಇಪ್ಪತ್ತು ಬೆಳ್ಳಿನಾಣ್ಯಗಳಿಗೆ ತನ್ನನ್ನು ಮಾರಿದ ಅಣ್ಣಂದಿರು ಬರಗಾಲದಲ್ಲಿ ಧಾನ್ಯವನ್ನರಸುತ್ತ ಐಗುಪ್ತಕ್ಕೆ ಬಂದು, ಅಲ್ಲಿ ಸರ್ವಾಧಿಕಾರಿಯಾಗಿದ್ದ ತಮ್ಮನ ಗುರುತು ಹತ್ತದೆ ಅಡ್ಡಬಿದ್ದಾಗ, ಅವನು ಕೂಡಲೆ ಅವರನ್ನು ಅಪ್ಪಿಕೊಳ್ಳಲೂ ಇಲ್ಲ, ಸೆರೆಮನೆಯಲ್ಲಿಟ್ಟು ಕೊಳೆಯಿಸಲೂ ಇಲ್ಲ. ಕಿರಿಯನಾದ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾನಪಾತ್ರೆಯನ್ನು ಬಚ್ಚಿಡಿಸಿ, ಅಂದು ತನ್ನನ್ನು ತೊರೆದಂತೆ ಇವನನ್ನೂ ತೊರೆದುಹೋಗುವರೋ ಎಂದು ಪರೀಕ್ಷಿಸಿ, ಯೂದನು ತಮ್ಮನ ಬದಲಿಗೆ ತಾನೇ ದಾಸನಾಗಿ ನಿಲ್ಲುವೆನೆಂದು ಮುಂದೆ ಬಂದಮೇಲೆಯೇ ಯೋಸೇಫನ ಕಣ್ಣೀರು ಕಟ್ಟೆಯೊಡೆಯುತ್ತದೆ. ತಂದೆಯು ತೀರಿಕೊಂಡ ಮೇಲೆ ಅಣ್ಣಂದಿರು ಮತ್ತೆ ಹೆದರಿ ಬರುತ್ತಾರೆ. ಕ್ಷಮೆಯನ್ನು ಕೊಡುವುದಕ್ಕಿಂತಲೂ ಅದನ್ನು ನಂಬುವುದು ಕಷ್ಟವೆಂಬುದನ್ನು ಆ ಕಥೆಗಾರನು ಅರಿತಿದ್ದನು. ದಾವೀದನ ವಿಷಯವು ಇಷ್ಟು ನೇರವಲ್ಲ. ತನ್ನ ಪ್ರಾಣವನ್ನೇ ಅರಸುತ್ತಿದ್ದ ಅರಸನಾದ ಸೌಲನು ಏಂಗೆದಿಯ ಗುಹೆಯಲ್ಲಿ ಕೈಗೆ ಸಿಕ್ಕಾಗ ಅವನ ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿಕೊಂಡು ಬಿಟ್ಟುಬಿಟ್ಟ ಆ ದಾವೀದನೇ, ತನ್ನನ್ನು ಶಪಿಸಿದ ಶಿಮ್ಮಿಗೆ ಜೀವದಾನವನ್ನು ಆಣೆಯಿಟ್ಟು ಕೊಟ್ಟಿದ್ದೂ, ಮರಣಶಯ್ಯೆಯಲ್ಲಿ ಅವನ ನರೆತಲೆಯನ್ನು ರಕ್ತದೊಡನೆ ಮಣ್ಣುಗೂಡಿಸುವ ಭಾರವನ್ನು ಮಗನಿಗೆ ವಹಿಸಿ ಹೋದನು. ತಾನು ಕೊಲ್ಲುವುದಿಲ್ಲವೆಂಬ ಮಾತನ್ನು ಅಕ್ಷರಶಃ ನಡೆಸಿದ ಹಾಗೂ ಆಯಿತು, ಸೇಡು ತೀರಿದ ಹಾಗೂ ಆಯಿತು! ಬೈಬಲ್ ಇದನ್ನು ಮರೆಮಾಡದೆ ಬರೆದಿಟ್ಟಿದೆ.

ಯೇಸುವಿನ ಉಪದೇಶವು ಈ ನೆಲದಿಂದಲೇ ಎದ್ದುಬಂದುದಾದ ಕಾರಣ, ಯೆಹೂದ್ಯಧರ್ಮವು ಪ್ರತೀಕಾರದ್ದು, ಕ್ರೈಸ್ತಧರ್ಮವು ಕ್ಷಮೆಯದು ಎಂದು ಗೆರೆಯೆಳೆದು ಹೇಳುವ ಪರಿಪಾಠವು ಚರಿತ್ರೆಗೂ ಸಲ್ಲದು, ಸೌಜನ್ಯಕ್ಕೂ ಸಲ್ಲದು. ನೆರೆಯವನ ತಪ್ಪನ್ನು ಕ್ಷಮಿಸಿದರೆ ನಿನ್ನ ಪ್ರಾರ್ಥನೆಯ ಹೊತ್ತಿನಲ್ಲಿ ನಿನ್ನ ಪಾಪವೂ ಪರಿಹಾರವಾಗುವುದೆಂಬ ಅಭಿಪ್ರಾಯವನ್ನು ಕ್ರಿ.ಪೂ. ಎರಡನೆಯ ಶತಮಾನದ ಆರಂಭದಲ್ಲಿಯೇ ಸಿರಾಖನ ಜ್ಞಾನಗ್ರಂಥವು ಸಾರಿದ್ದಿತು. ಮಿಷ್ನಾದ ಯೋಮಾ ಪ್ರಕರಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಯಶ್ಚಿತ್ತದ ಮಹಾದಿನವು ದೇವರಿಗೂ ಮನುಷ್ಯನಿಗೂ ನಡುವಣ ಪಾಪಗಳನ್ನು ಮಾತ್ರ ಕಳೆಯುವುದೆಂದೂ, ಮನುಷ್ಯನಿಗೆ ಮಾಡಿದ ತಪ್ಪು ಆ ಮನುಷ್ಯನನ್ನು ಒಲಿಸಿಕೊಳ್ಳುವವರೆಗೆ ಕಳೆಯದೆಂದೂ ವಿಧಿಸಿತು.

ಯೇಸು ಮಾಡಿದ್ದೇನೆಂದರೆ, ಮಿತಿಗೆ ಒಳಪಟ್ಟಿದ್ದ ಪ್ರತೀಕಾರದ ಹಕ್ಕನ್ನು ಮಿತಿಯೊಡನೆಯೇ ಕಿತ್ತುಹಾಕಿದ್ದು. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಪರ್ವತ ಪ್ರಸಂಗದ ನಡುವೆ, ಆತನು ಕಣ್ಣಿಗೆ ಕಣ್ಣೆಂಬ ವಿಧಿಯನ್ನು ಹೆಸರಿಸಿ, ಕೆಡುಕನಿಗೆ ಕೇಡಿನಿಂದ ಎದುರುನಿಲ್ಲದೆ ಹೊಡೆದವನಿಗೆ ಮತ್ತೊಂದು ಕೆನ್ನೆಯನ್ನೊಡ್ಡಬೇಕೆಂದೂ, ವೈರಿಯನ್ನು ಪ್ರೀತಿಸಿ ಹಿಂಸಕನಿಗಾಗಿ ಪ್ರಾರ್ಥಿಸಬೇಕೆಂದೂ ಬೋಧಿಸಿದನು. ಅದಕ್ಕೆ ಕೊಟ್ಟ ಕಾರಣವಾದರೂ, ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ತೆರನಾಗಿ ಸೂರ್ಯನನ್ನು ಮೂಡಿಸುವನೆಂಬುದು. ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಅನ್ನವನ್ನು ಬೇಡುವ ಮಾತಿನ ಬೆನ್ನಿಗೇ ಕ್ಷಮೆಯನ್ನು ಬೇಡುವ ಮಾತನ್ನಿರಿಸಿ, ನಾವು ಪರರನ್ನು ಕ್ಷಮಿಸುವುದನ್ನು ಅದಕ್ಕೆ ಅಂಟಿಸಿದನು. ಆ ಪ್ರಾರ್ಥನೆಯನ್ನು ದಿನವೂ ಹೇಳುವ ಕ್ರೈಸ್ತನು, ತನ್ನ ಹಗೆಯನ್ನು ಬಿಡದೆ ಹೇಳಿದನಾದರೆ, ತನ್ನ ಬಾಯಿಂದಲೇ ತನ್ನ ಮೇಲೆ ತೀರ್ಪನ್ನು ಕರೆದುಕೊಂಡಂತಾಯಿತೆಂದು ಪ್ರಾಚೀನ ವ್ಯಾಖ್ಯಾನಕಾರರು ಎಚ್ಚರಿಸುತ್ತ ಬಂದಿರುವರು.

ತಪ್ಪುಮಾಡಿದ ಸಹೋದರನನ್ನು ಎಷ್ಟು ಬಾರಿ ಕ್ಷಮಿಸಬೇಕು, ಏಳು ಬಾರಿ ಸಾಕೇ ಎಂದು ಪೇತ್ರನು ಕೇಳಿದ ಪ್ರಸಂಗವು ಅದೇ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿದೆ. ಎಪ್ಪತ್ತೇಳು ಬಾರಿ, ಅಥವಾ ಕೆಲವರ ಪಾಠದಂತೆ ಏಳೆಪ್ಪತ್ತು ಬಾರಿ, ಎಂದು ಯೇಸು ಕೊಟ್ಟ ಉತ್ತರದಲ್ಲಿ ಲೆಮೆಕನ ಸಂಖ್ಯೆಯೇ ತಿರುವುಮುರುವಾಗಿ ಬಂದಿರುವುದನ್ನು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ಸೇಡಿಗೆ ಇಲ್ಲದಿದ್ದ ಎಣಿಕೆಯು ಈಗ ಕ್ಷಮೆಗೆ ಇಲ್ಲವಾಯಿತು. ಕೂಡಲೆ ಬರುವ ಸಾಮತಿಯಲ್ಲಿ ಅರಸನೊಬ್ಬನಿಗೆ ಹತ್ತು ಸಾವಿರ ತಲಾಂತು ಸಾಲಗಾರನಾದ ಸೇವಕನು ಕಾಲಿಗೆ ಬಿದ್ದು ಸಾಲವನ್ನೆಲ್ಲ ಮನ್ನಾ ಮಾಡಿಸಿಕೊಂಡು, ಹೊರಗೆ ಬಂದೊಡನೆ ತನಗೆ ನೂರು ದಿನಾರಿಗಳನ್ನು ಕೊಡಬೇಕಾಗಿದ್ದ ಜತೆಯವನ ಕುತ್ತಿಗೆಯನ್ನು ಹಿಸುಕಿ ಸೆರೆಗೆ ಹಾಕಿಸುತ್ತಾನೆ. ಒಂದು ದಿನಾರಿಯು ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದಿನಾರಿಗಳು. ಅಂದಮೇಲೆ ಮನ್ನಾ ಆದ ಸಾಲವು ಆರು ಕೋಟಿ ದಿನಗಳ ದುಡಿಮೆ, ಹಿಸುಕಿ ಕೇಳಿದ್ದು ನೂರು ದಿನಗಳದು. ಒಂದಕ್ಕೆ ಆರು ಲಕ್ಷದ ಅಂತರ. ಈ ಅಸಂಭಾವ್ಯವಾದ ಮೊತ್ತವನ್ನು ಕೇಳಿ ಗಲಿಲಾಯದ ಕೇಳುಗರು ನಕ್ಕಿರಲೂಬಹುದು. ಆದರೂ ನೂರು ದಿನಗಳ ಕೂಲಿಯು ಬಡವನಿಗೆ ಅಲ್ಪವಲ್ಲವೆಂಬುದನ್ನು ಕಥೆಯು ಮರೆತಿಲ್ಲ: ಪರರು ನಮಗೆ ಮಾಡಿದ ಕೇಡು ಸುಳ್ಳೆಂದಾಗಲಿ ಹಗುರವೆಂದಾಗಲಿ ಅದು ಹೇಳುವುದಿಲ್ಲ. ಕ್ಷಮೆಯು ಉದಾರನಾದ ಮೇಲಿನವನು ಕೆಳಗಿನವನಿಗೆ ಎಸೆಯುವ ದಾನವಲ್ಲ, ತಾನೂ ಕ್ಷಮೆಯನ್ನುಂಡು ಬದುಕುತ್ತಿರುವವನು ಅದನ್ನು ಮುಂದಕ್ಕೆ ದಾಟಿಸುವ ಕಾರ್ಯವೆಂಬುದು ಕ್ರೈಸ್ತ ತತ್ತ್ವದ ಹೃದಯಸ್ಥಾನ. ಪ್ರಾಚೀನ ಗ್ರೀಕ್ ತತ್ತ್ವಪಂಥದವರಾದ ಸ್ತೋಯಿಕರ ಸಹನೆಯಿಂದ ಇದನ್ನು ಬೇರ್ಪಡಿಸುವುದೂ ಇದೇ.

ಇಷ್ಟಾದರೂ, ತಪ್ಪಿತಸ್ಥನು ಪಶ್ಚಾತ್ತಾಪಪಡುವುದಕ್ಕೆ ಮೊದಲೇ ಕ್ಷಮಿಸಬೇಕೋ, ಪಟ್ಟಮೇಲೆಯೋ ಎಂಬ ಪ್ರಶ್ನೆಗೆ ಸುವಾರ್ತೆಗಳಲ್ಲಿಯೇ ಎರಡು ಬಗೆಯ ಆಧಾರಗಳುಂಟು. ಲೂಕನ ಹದಿನೇಳನೆಯ ಅಧ್ಯಾಯವು ಸಹೋದರನನ್ನು ಗದರಿಸೆಂದೂ, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸೆಂದೂ ಹೇಳಿದರೆ, ಮಾರ್ಕನ ಹನ್ನೊಂದನೆಯ ಅಧ್ಯಾಯವು ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿಬಿಡೆಂದು ಯಾವ ನಿಬಂಧನೆಯೂ ಇಲ್ಲದೆ ಆಜ್ಞಾಪಿಸುತ್ತದೆ. ಹಗೆಯನ್ನು ಬಿಡುವುದು ಒಬ್ಬನೇ ಮಾಡಬಹುದಾದ ಅಂತರಂಗದ ಕಾರ್ಯವೆಂದೂ, ಕ್ಷಮೆಯು ಪೂರ್ಣಗೊಂಡು ಸಂಧಾನವಾಗುವುದಕ್ಕೆ ತಪ್ಪೊಪ್ಪಿಗೆಯು ಬೇಕೆಂದೂ ಬಹುಮಂದಿ ಪಂಡಿತರು ಇವೆರಡನ್ನೂ ಹೊಂದಿಸಿಕೊಂಡಿದ್ದಾರೆ. ಶಿಲುಬೆಯ ಮೇಲೆ ಯೇಸು ತನ್ನನ್ನು ಕೊಲ್ಲುತ್ತಿದ್ದವರಿಗಾಗಿ, ಅವರು ಅರಿಯದೆ ಮಾಡುತ್ತಿರುವರೆಂಬ ಕಾರಣವನ್ನು ಮುಂದಿಟ್ಟು, ತಂದೆಯಲ್ಲಿ ಕ್ಷಮೆಯನ್ನು ಬೇಡಿದ್ದು ಪಶ್ಚಾತ್ತಾಪಕ್ಕೆ ಮೊದಲೇ ಕ್ಷಮಿಸಬೇಕೆನ್ನುವವರ ದೊಡ್ಡ ಆಧಾರ. ಪಶ್ಚಾತ್ತಾಪದ ಸುಳಿವೇ ಇಲ್ಲದವರಿಗಾಗಿ ಮಾಡಿದ ಪ್ರಾರ್ಥನೆಯದು. ಲೂಕನಲ್ಲಿ ಮಾತ್ರ ಬರುವ ಈ ವಾಕ್ಯವು ವ್ಯಾಟಿಕನ್ ಹಸ್ತಪ್ರತಿಯೇ ಮೊದಲಾದ ಕೆಲವು ಅತಿ ಪ್ರಾಚೀನ ಪ್ರತಿಗಳಲ್ಲಿಲ್ಲ. ಅದನ್ನು ಯಾರೋ ಸೇರಿಸಿದರೆಂದು ಕೆಲವರೂ, ಯೆಹೂದ್ಯರಿಗೆ ಕ್ಷಮೆಯೇ ಎಂದು ಮುನಿದ ಲಿಪಿಕಾರರು ಬಿಟ್ಟರೆಂದು ಮತ್ತೆ ಕೆಲವರೂ ವಾದಿಸುವರು. ಎರಡನೆಯದು ನಿಜವಾದರೆ ಕ್ಷಮೆಯ ಚರಿತ್ರೆಯಲ್ಲಿ ಇದಕ್ಕಿಂತ ಕಹಿಯಾದ ವ್ಯಂಗ್ಯವಿರಲಾರದು. ಪ್ರಥಮ ರಕ್ತಸಾಕ್ಷಿಯಾದ ಸ್ತೆಫನನು ಕಲ್ಲೇಟಿನ ಕೆಳಗೆ ಇಂಥದೇ ಪ್ರಾರ್ಥನೆಯನ್ನು ಮಾಡಿದುದಾಗಿ ಅಪೊಸ್ತಲರ ಕೃತ್ಯಗಳು ವರ್ಣಿಸುತ್ತವೆ.

ಸ್ತೆಫನನ ಕೊಲೆಗೆ ಸಮ್ಮತಿಸಿ ನಿಂತಿದ್ದ ಸೌಲನೇ ಮುಂದೆ ಪೌಲನಾಗಿ, ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿ, ಮುಯ್ಯಿಯನ್ನು ದೇವರಿಗೆ ಬಿಟ್ಟು ಹಸಿದ ವೈರಿಗೆ ಊಟವನ್ನಿಕ್ಕಬೇಕೆಂದು ಬರೆದನು. ಆದರೆ ಅದರ ಮುಂದಣ ಅಧ್ಯಾಯದಲ್ಲಿಯೇ ಅಧಿಕಾರಿಯು ಕತ್ತಿಯನ್ನು ಸುಮ್ಮನೆ ಹಿಡಿದಿಲ್ಲವೆಂದೂ ದುಷ್ಕರ್ಮಿಯನ್ನು ದಂಡಿಸುವುದು ಅವನ ಕರ್ತವ್ಯವೆಂದೂ ಹೇಳಿರುವುದರಿಂದ, ವ್ಯಕ್ತಿಯ ಕ್ಷಮೆಗೂ ರಾಜದಂಡಕ್ಕೂ ಸಂಬಂಧವೇನೆಂಬ ತರ್ಕವು ಅಂದಿನಿಂದ ಇಂದಿನವರೆಗೂ ಈ ಎರಡು ಅಧ್ಯಾಯಗಳ ಸಂಧಿಯಲ್ಲಿಯೇ ನಡೆದುಬಂದಿದೆ. ಪೌಲನ ಪತ್ರಿಕೆಗಳಲ್ಲೆಲ್ಲ ಚಿಕ್ಕದಾದ, ಇಪ್ಪತ್ತೈದೇ ವಚನಗಳ, ಫಿಲೆಮೋನನಿಗೆ ಬರೆದ ಓಲೆಯು ಕ್ಷಮೆಯ ವ್ಯವಹಾರವನ್ನು ಹತ್ತಿರದಿಂದ ತೋರಿಸುತ್ತದೆ: ಯಜಮಾನನಿಂದ ಅಗಲಿಬಂದ ದಾಸನಾದ ಒನೇಸಿಮನನ್ನು ಹಿಂದಕ್ಕೆ ಕಳುಹಿಸುತ್ತ, ದಾಸನಂತಲ್ಲದೆ ಸಹೋದರನಂತೆ ಬರಮಾಡಿಕೊಳ್ಳೆಂದು ಪೌಲನು ಬೇಡಿ, ಅವನಿಂದ ನಷ್ಟವೇನಾದರೂ ಆಗಿದ್ದರೆ ತನ್ನ ಲೆಕ್ಕಕ್ಕೆ ಬರೆದುಕೊಳ್ಳೆಂದು ಸ್ವಹಸ್ತದಿಂದ ಬರೆದುಕೊಡುತ್ತಾನೆ. ದಾಸ್ಯಪದ್ಧತಿಯೇ ತಪ್ಪೆಂಬ ಮಾತು ಅದರಲ್ಲಿಲ್ಲವೆಂಬ ಆಕ್ಷೇಪಣೆಯೂ ಸಕಾರಣವಾದುದೇ.

ಮೊದಲ ಮೂರು ಶತಮಾನಗಳ ಸಭೆಗೆ ಹೊರಗಣ ಹಿಂಸಕರನ್ನು ಕ್ಷಮಿಸುವುದಕ್ಕಿಂತ ಒಳಗಣ ದುರ್ಬಲರನ್ನು ಕ್ಷಮಿಸುವುದೇ ಹೆಚ್ಚು ದುಷ್ಕರವಾಯಿತು. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸನು ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆಯಿತ್ತಾಗ ಪ್ರಾಣಭಯದಿಂದ ತಲೆಬಾಗಿದ ಸಾವಿರಾರು ಮಂದಿ, ಬಿರುಗಾಳಿ ಕಳೆದಮೇಲೆ ಮರಳಿ ಸಭೆಯ ಬಾಗಿಲಿಗೆ ಬಂದರು. ಅವರನ್ನು ಎಂದಿಗೂ ಸೇರಿಸಕೂಡದೆಂದ ರೋಮಿನ ನೊವಾಷಿಯನನು ಬೇರೆ ಪಂಗಡವನ್ನೇ ಕಟ್ಟಿದನು. ಕಾರ್ಥೇಜಿನ ಬಿಷಪ್ ಸಿಪ್ರಿಯನನು ದೀರ್ಘವಾದ ಪ್ರಾಯಶ್ಚಿತ್ತದ ಅನಂತರ ಸೇರಿಸಿಕೊಳ್ಳುವ ಮಧ್ಯಮಮಾರ್ಗವನ್ನು ಹಿಡಿದನು. ಮುಂದೆ ಧರ್ಮವು ರಾಜಾಶ್ರಯವನ್ನು ಪಡೆದಮೇಲೆ ಪರೀಕ್ಷೆಯ ರೂಪವೇ ಬದಲಾಯಿತು. ಥೆಸಲೋನಿಕದಲ್ಲಿ ತನ್ನ ಸೇನಾಧಿಕಾರಿಯನ್ನು ಕೊಂದ ನಗರದ ಮೇಲೆ ಚಕ್ರವರ್ತಿ ಥಿಯೊಡೋಸಿಯಸನು 390ರಲ್ಲಿ ಸಾಮೂಹಿಕ ಕಗ್ಗೊಲೆಯ ಸೇಡನ್ನು ತೀರಿಸಿಕೊಂಡಾಗ, ಮಿಲಾನಿನ ಬಿಷಪ್ ಅಂಬ್ರೋಸನು ಅವನಿಗೆ ಪರಮಪ್ರಸಾದವನ್ನು ನಿರಾಕರಿಸಿ ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಸಿದನು. ಇದಕ್ಕಿಂತಲೂ ಗಮನಾರ್ಹವಾದುದು ಉತ್ತರ ಆಫ್ರಿಕದ ಅಗಸ್ಟೀನನು 411ರ ಸುಮಾರಿನಲ್ಲಿ ರಾಜಾಧಿಕಾರಿ ಮಾರ್ಸೆಲಿನಸನಿಗೆ ಬರೆದ ಪತ್ರ. ತನ್ನ ಗುರುಗಳಲ್ಲೊಬ್ಬನನ್ನು ಕೊಂದು ಇನ್ನೊಬ್ಬನ ಕಣ್ಣು ಕಿತ್ತು ಬೆರಳು ಕತ್ತರಿಸಿದ ಪ್ರತಿಪಕ್ಷದ ಕ್ರೈಸ್ತಪಂಗಡದವರು ತಪ್ಪೊಪ್ಪಿಕೊಂಡಿದ್ದರೂ, ಅವರಿಗೆ ಅದೇ ಬಗೆಯ ಅಂಗಚ್ಛೇದವನ್ನಾಗಲಿ ಮರಣವನ್ನಾಗಲಿ ವಿಧಿಸಕೂಡದೆಂದೂ, ಉಪಯುಕ್ತವಾದ ಯಾವುದಾದರೊಂದು ದುಡಿಮೆಗೆ ಅವರನ್ನು ಹಚ್ಚಬೇಕೆಂದೂ ಅವನು ಬೇಡಿಕೊಂಡನು. ಅಪರಾಧವನ್ನು ತಡೆಯುವುದು ಬೇರೆ, ಅಪರಾಧಿಯ ನೋವಿನಿಂದ ತೃಪ್ತಿಪಡುವುದು ಬೇರೆ ಎಂಬ ವಿವೇಚನೆಯು ಈ ಪತ್ರದಲ್ಲಿ ಸ್ಫುಟಗೊಂಡಿದೆ. ಅದೇ ಅಗಸ್ಟೀನನು ಅದೇ ಪಂಗಡದ ಮೇಲೆ ರಾಜಬಲದ ಪ್ರಯೋಗವನ್ನು ಸಮರ್ಥಿಸಿದ್ದನ್ನೂ ಇಲ್ಲಿ ಮುಚ್ಚಿಡಲಾಗದು.

ಮಧ್ಯಯುಗದ ಯೂರೋಪಿನಲ್ಲಿ ಮನೆತನಗಳ ರಕ್ತವೈರವನ್ನು ತಡೆಯಲು ಸಭೆಯು ಬಳಸಿದ ಉಪಾಯಗಳು ಹಲವು. 989ರಲ್ಲಿ ಫ್ರಾನ್ಸಿನ ಷಾರೂದಲ್ಲಿ ಕೂಡಿದ ಬಿಷಪ್ಪರ ಸಭೆಯು ಬಡವರಿಗೂ ನಿರಾಯುಧರಾದ ಗುರುಗಳಿಗೂ ರಕ್ಷಣೆಯನ್ನು ಘೋಷಿಸಿತು. ಹನ್ನೊಂದನೆಯ ಶತಮಾನದಲ್ಲಿ ವಾರದ ಕೆಲವು ದಿನಗಳಲ್ಲಿ ಯಾರೂ ಕಾಳಗ ಮಾಡಕೂಡದೆಂಬ ದೈವವಿರಾಮದ ಕಟ್ಟಳೆಯು ಹಬ್ಬಿತು. ಫ್ಲಾರೆನ್ಸಿನ ಯೋಧನಾದ ಜಾನ್ ಗ್ವಾಲ್ಬರ್ಟನು ಬಂಧುವನ್ನು ಕೊಂದವನನ್ನು ಶುಭಶುಕ್ರವಾರದಂದು ಇಕ್ಕಟ್ಟಾದ ದಾರಿಯಲ್ಲಿ ಸಂಧಿಸಿ, ಅವನು ಶಿಲುಬೆಯಾಕಾರದಲ್ಲಿ ತೋಳುಗಳನ್ನು ಚಾಚಿ ಬೇಡಿಕೊಳ್ಳಲು, ಕತ್ತಿಯನ್ನು ಒರೆಗೆ ಸೇರಿಸಿ, ಮುಂದೆ ಸನ್ಯಾಸಿಯಾಗಿ ವಲ್ಲೊಂಬ್ರೋಸ ಮಠವನ್ನು ಸ್ಥಾಪಿಸಿದನೆಂಬ ಐತಿಹ್ಯವು ಆ ಕಾಲದ ಆದರ್ಶವನ್ನು ತೋರಿಸುತ್ತದೆ. ಆದರೆ ಅದೇ ಶತಮಾನದ ಕೊನೆಗೆ, 1095ರಲ್ಲಿ, ಕ್ಲೆರ್ಮೊದಲ್ಲಿ ಪೋಪನೇ ಧರ್ಮಯುದ್ಧಕ್ಕೆ ಕರೆಕೊಟ್ಟನು. ತಾಮಸ್ ಅಕ್ವಿನಾಸನು ತನ್ನ ಮಹಾಗ್ರಂಥದಲ್ಲಿ, ಅಪರಾಧಿಯ ತಿದ್ದುವಿಕೆಯನ್ನೂ ಲೋಕಹಿತವನ್ನೂ ಬಯಸಿ ನಡೆಸುವ ದಂಡನೆಯು ಧರ್ಮ್ಯವೆಂದೂ, ಅವನ ಕೇಡಿನಲ್ಲಿಯೇ ಸಂತೋಷಪಡುವುದು ಪಾಪವೆಂದೂ ತೀರ್ಮಾನಿಸಿದನು. 1215ರ ನಾಲ್ಕನೆಯ ಲ್ಯಾಟೆರನ್ ಸಮ್ಮೇಳನವು ವರ್ಷಕ್ಕೊಮ್ಮೆ ಪಾಪನಿವೇದನೆಯನ್ನು ಕಡ್ಡಾಯಗೊಳಿಸಿದಾಗ ಕ್ಷಮೆಯು ವೈಯಕ್ತಿಕವಾದೊಂದು ಸಂಸ್ಕಾರವಾಗಿ ನೆಲೆನಿಂತಿತು. ಪೂರ್ವದೇಶದ ಸಭೆಗಳಲ್ಲಿಯಾದರೋ ಅದು ಸಾಮೂಹಿಕವಾಗಿಯೇ ಉಳಿದಿದೆ: ಮಹಾವ್ರತದ ಹೊಸ್ತಿಲಲ್ಲಿ ಗುರುವೂ ಸಭಿಕರೂ ಒಬ್ಬರಿಗೊಬ್ಬರು ಬಾಗಿ ಕ್ಷಮೆಯನ್ನು ಬೇಡಿಕೊಳ್ಳುವ ಆರಾಧನೆಯು ಗ್ರೀಕ್ ಮತ್ತು ರಷ್ಯನ್ ಸಭೆಗಳಲ್ಲಿರುವಂತೆ ಕೇರಳದ ಸುರಿಯಾನಿ ಕ್ರೈಸ್ತರಲ್ಲಿಯೂ ಶುಬ್ಕೋನೋ ಎಂಬ ಹೆಸರಿನಿಂದ ನಡೆಯುತ್ತದೆ.

ಮತಸುಧಾರಣೆಯ ಯುಗದಲ್ಲಿ ಪರ್ವತ ಪ್ರಸಂಗವನ್ನು ಅಕ್ಷರಶಃ ನಡೆಸಹೊರಟವರು ಆನಬ್ಯಾಪ್ಟಿಸ್ಟರು. ಅವರನ್ನು ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಸರದಿಯ ಮೇಲೆ ಕೊಂದರು. ಅವರಲ್ಲೊಬ್ಬನಾದ ಡಿರ್ಕ್ ವಿಲ್ಲೆಮ್ಸನು ನೆದರ್ಲೆಂಡಿನ ಆಸ್ಪೆರೆನ್ ಎಂಬ ಊರಿನ ಸೆರೆಯಿಂದ ಚಿಂದಿಬಟ್ಟೆಯ ಹಗ್ಗವನ್ನು ಹೊಸೆದು ಕಿಟಕಿಯಿಂದಿಳಿದು, ತೆಳುವಾಗಿ ಹೆಪ್ಪುಗಟ್ಟಿದ್ದ ಕೊಳದ ಮೇಲೆ ಓಡಿದನು. ಸೆರೆಯ ಕೂಳಿನಿಂದ ಸೊರಗಿದ್ದ ಅವನ ಭಾರವನ್ನು ತಾಳಿದ ಮಂಜುಗಡ್ಡೆಯು ಬೆನ್ನಟ್ಟಿ ಬಂದ ಕಾವಲುಗಾರನ ಭಾರಕ್ಕೆ ಬಿರಿಯಿತು. ಮುಳುಗುತ್ತಿದ್ದವನ ಕೂಗನ್ನು ಕೇಳಿ ಡಿರ್ಕನು ಹಿಂದಿರುಗಿ ಅವನನ್ನು ಮೇಲೆಳೆದನು. ದಡದಲ್ಲಿ ನಿಂತ ಪುರಾಧಿಕಾರಿಯು ಕರ್ತವ್ಯವನ್ನು ನೆನಪಿಸಲು, ಪ್ರಾಣವುಳಿಸಿಕೊಂಡವನೇ ಉಳಿಸಿದವನನ್ನು ಹಿಡಿಯಬೇಕಾಯಿತು. 1569ರ ಮೇ 16ರಂದು ಡಿರ್ಕನನ್ನು ಸುಟ್ಟರು. 1660ರಲ್ಲಿ ಡಚ್ ಭಾಷೆಯಲ್ಲಿ ಹೊರಬಂದ ರಕ್ತಸಾಕ್ಷಿಗಳ ಬೃಹತ್ ಚರಿತ್ರೆಯಲ್ಲಿ ಈ ವೃತ್ತಾಂತವು ದಾಖಲಾಗಿದೆ; ಯಾನ್ ಲೂಯ್ಕನ್ ಎಂಬ ಕಲಾವಿದನು 1685ರ ಆವೃತ್ತಿಗೆ ಕೆತ್ತಿದ ಚಿತ್ರವು, ಮಂಜಿನ ಅಂಚಿನಲ್ಲಿ ಬಾಗಿ ವೈರಿಗೆ ಎರಡೂ ಕೈಗಳನ್ನು ಚಾಚಿದ ಡಿರ್ಕನನ್ನು ಆನಬ್ಯಾಪ್ಟಿಸ್ಟರ ಶಾಖೆಯಾದ ಮೆನೋನೈಟರ ಮನೆಮನೆಗೂ ತಲಪಿಸಿತು. ಇದೇ ಪರಂಪರೆಯ ಆಮಿಷ್ ಜನರ ಶಾಲೆಯೊಂದಕ್ಕೆ 2006ರ ಅಕ್ಟೋಬರ್ 2ರಂದು ಅಮೆರಿಕದ ಪೆನ್ಸಿಲ್ವೇನಿಯದ ನಿಕಲ್ ಮೈನ್ಸಿನಲ್ಲಿ ಹೊರಗಿನವನೊಬ್ಬನು ನುಗ್ಗಿ ಹತ್ತು ಹುಡುಗಿಯರಿಗೆ ಗುಂಡಿಕ್ಕಿ, ಐವರನ್ನು ಕೊಂದು, ತಾನೂ ಗುಂಡಿಟ್ಟುಕೊಂಡು ಸತ್ತಾಗ, ಆ ಜನರು ಅವನ ಹೆಂಡತಿಮಕ್ಕಳ ಮನೆಗೆ ಸಂತೈಸಲು ಹೋದುದೂ, ಹಲವರು ಅವನ ಶವಸಂಸ್ಕಾರದಲ್ಲಿ ನಿಂತುದೂ ಲೋಕವನ್ನು ಬೆರಗುಗೊಳಿಸಿತು. ಹಠಾತ್ತಾಗಿ ಬಂದ ಸದ್ಗುಣವಲ್ಲವದು. ಪ್ರತಿದಿನವೂ ಹೇಳಿದ ಪ್ರಾರ್ಥನೆ, ತಲೆಮಾರುಗಳಿಂದ ಕೇಳಿದ ಡಿರ್ಕನಂಥವರ ಕಥೆ, ಇವು ಕಾಲಾಂತರದಲ್ಲಿ ಕೂಡಿಟ್ಟ ಶಕ್ತಿ.

ಹದಿನೆಂಟನೆಯ 
ಶತಮಾನದಲ್ಲಿ ಇಂಗ್ಲೆಂಡಿನ ಜೋಸೆಫ್ ಬಟ್ಲರನು 1726ರಲ್ಲಿ ಪ್ರಕಟಿಸಿದ ಪ್ರವಚನಗಳಲ್ಲಿ, ಅನ್ಯಾಯವನ್ನು ಕಂಡು ಸಿಡಿಯುವ ರೋಷವು ದೇವರೇ ಮನುಷ್ಯನಲ್ಲಿರಿಸಿದ ನ್ಯಾಯರಕ್ಷಕ ಭಾವವೆಂದೂ, ಕ್ಷಮೆಯೆಂದರೆ ಆ ರೋಷದ ನಾಶವಲ್ಲ, ಅದು ಎಲ್ಲೆಮೀರಿ ಸೇಡಾಗದಂತೆ ತಡೆಯುವುದೆಂದೂ ವಿವೇಚಿಸಿದನು. ಇಂದಿನ ತತ್ತ್ವಜ್ಞರೂ ಈ ವಿಷಯದಲ್ಲಿ ಅವನಿಂದಲೇ ಆರಂಭಿಸುವರು. ರಷ್ಯದ ಟಾಲ್‌ಸ್ಟಾಯನು ಕೇಡಿಗೆ ಕೇಡಿನಿಂದ ಎದುರುನಿಲ್ಲಬಾರದೆಂಬ ವಿಧಿಯನ್ನು ರಾಜ್ಯವ್ಯವಸ್ಥೆಗೂ ಅನ್ವಯಿಸಿ ಬರೆದ ಗ್ರಂಥವನ್ನು ದಕ್ಷಿಣ ಆಫ್ರಿಕದಲ್ಲಿ ಓದಿದ ಗಾಂಧಿಯವರು, ಪರ್ವತ ಪ್ರಸಂಗವನ್ನು ಲಂಡನ್ನಿನ ವಿದ್ಯಾರ್ಥಿದೆಸೆಯಲ್ಲಿಯೇ ಮೆಚ್ಚಿದ್ದರು. ಆ ಉಪದೇಶವು ಹೀಗೆ ಸುತ್ತುದಾರಿಯಿಂದ ಭಾರತದ ರಾಜಕಾರಣವನ್ನು ಹೊಕ್ಕಿತು. ಕನ್ನಡದಲ್ಲಿ ಯೇಸುವಿನ ಕಡೆಯ ದಿನವನ್ನು ಚಿತ್ರಿಸಿದ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯವು ಅಕ್ರೈಸ್ತನೊಬ್ಬನ ಪ್ರತಿಭೆಯು ಈ ವಸ್ತುವಿಗೆ ಸಲ್ಲಿಸಿದ ಗೌರವವಾಗಿದೆ.

ಇಪ್ಪತ್ತನೆಯ ಶತಮಾನದ ಯುದ್ಧಗಳು ಕ್ಷಮೆಯನ್ನು ಜನಾಂಗಗಳ ನಡುವಣ ಪ್ರಶ್ನೆಯಾಗಿಸಿದುವು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳ ದಾಳಿಗೆ ಇಂಗ್ಲೆಂಡಿನ ಕೊವೆಂಟ್ರಿಯ ಪ್ರಧಾನ ದೇವಾಲಯವು ಉರಿದುಹೋದಾಗ, ಅದರ ಮುಖ್ಯಗುರುವಾದ ರಿಚರ್ಡ್ ಹೋವರ್ಡನು ಪಾಳುಗೋಡೆಯ ಮೇಲೆ ಕ್ಷಮೆಯ ಬೇಡಿಕೆಯೊಂದನ್ನು ಕೆತ್ತಿಸಿದನು. ಯಾರನ್ನು ಕ್ಷಮಿಸಬೇಕೆಂಬುದನ್ನು ಮಾತ್ರ ಅದರಲ್ಲಿ ಕಾಣಿಸಲಿಲ್ಲ. 1981ರ ಮೇ 13ರಂದು ತಮಗೆ ಗುಂಡಿಕ್ಕಿದವನನ್ನು ಪೋಪ್ ಎರಡನೆಯ ಜಾನ್ ಪಾಲರು ಎರಡು ವರ್ಷಗಳ ತರುವಾಯ ರೋಮಿನ ಸೆರೆಮನೆಯಲ್ಲಿ ಕಂಡು ಮಾತನಾಡಿದರು. ಆದರೆ ಅವನು ಇಟಲಿಯ ಸೆರೆಯಿಂದ ಬಿಡುಗಡೆಯಾದುದು 2000ದಲ್ಲಿ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಳ್ವಿಕೆಯು ಕೊನೆಗೊಂಡಮೇಲೆ, 1995ರ ಕಾಯಿದೆಯಂತೆ ಏರ್ಪಟ್ಟು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ನಡೆದ ಸತ್ಯ ಮತ್ತು ಸಂಧಾನ ಆಯೋಗವು, ರಾಜಕೀಯ ಉದ್ದೇಶದಿಂದ ನಡೆದ ಕೃತ್ಯಗಳನ್ನು ಪೂರ್ಣವಾಗಿ ಬಹಿರಂಗಪಡಿಸಿದವರಿಗೆ ದಂಡನೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಪಡೆದಿತ್ತು. ಸುಮಾರು 7,000 ಅರ್ಜಿಗಳಲ್ಲಿ ಮಂಜೂರಾದುವು ಅಲ್ಪಭಾಗ. ವಿನಾಯಿತಿಗೆ ಸತ್ಯವು ಬೇಕಾಗಿತ್ತೇ ಹೊರತು ಪಶ್ಚಾತ್ತಾಪವು ನಿಯಮದಿಂದ ಬೇಕಾಗಿರಲಿಲ್ಲ. ಟುಟು ಅವರಾದರೋ ಗುರುವೇಷದಲ್ಲಿಯೇ ಕುಳಿತು, ಪ್ರಾರ್ಥಿಸಿ, ಅತ್ತು, ಕ್ಷಮೆಯನ್ನು ಪ್ರೋತ್ಸಾಹಿಸಿದರು. ಪೊಲೀಸರ ವಶದಲ್ಲಿ ಸತ್ತ ವರ್ಣಭೇದವಿರೋಧಿ ಹೋರಾಟಗಾರ ಸ್ಟೀವ್ ಬೀಕೋ ಅವರ ಕುಟುಂಬದವರು ಈ ವಿನಾಯಿತಿಯಿಂದ ತಮ್ಮ ನ್ಯಾಯದ ಹಕ್ಕನ್ನು ರಾಜ್ಯವು ಕಸಿದುಕೊಂಡಿತೆಂದು ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿ 1996ರಲ್ಲಿ ಸೋತರು. ಆ ಅಸಮಾಧಾನವು ಇನ್ನೂ ಆರಿಲ್ಲ. ಆರದಿರುವುದಕ್ಕೆ ಕಾರಣವೂ ಉಂಟು.

ಭಾರತದಲ್ಲಿ ಎರಡು ಪ್ರಸಂಗಗಳು ಈ ತತ್ತ್ವದ ಎರಡು ಮುಖಗಳನ್ನು ತೋರಿಸುತ್ತವೆ. ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸರನ್ನೂ ಅವರ ಹತ್ತು ಮತ್ತು ಆರು ವರ್ಷಗಳ ಇಬ್ಬರು ಗಂಡುಮಕ್ಕಳನ್ನೂ 1999ರ ಜನವರಿಯಲ್ಲಿ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಹಾಗೆಯೇ ಗುಂಪೊಂದು ಸುಟ್ಟುಹಾಕಿತು. ಪತ್ನಿ ಗ್ಲಾಡಿಸ್ ಸ್ಟೇನ್ಸರು ಕೊಂದವರನ್ನು ಕ್ಷಮಿಸಿರುವುದಾಗಿ ಸಾರಿ, ಮಗಳೊಡನೆ ಅಲ್ಲಿಯೇ ನಿಂತು ಕುಷ್ಠಾಶ್ರಮವನ್ನು ನಡೆಸಿದರು. ನ್ಯಾಯಾಲಯವು ತನ್ನ ಮಾರ್ಗದಲ್ಲಿ ಮುಂದುವರಿದು, ಮುಖ್ಯ ಅಪರಾಧಿಗೆ ಮೊದಲು ವಿಧಿಸಿದ ಮರಣದಂಡನೆಯು ಉಚ್ಚ ನ್ಯಾಯಾಲಯದಲ್ಲಿ ಜೀವಾವಧಿಯಾಗಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಿರವಾಯಿತು. ಎರಡನೆಯದು ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿ, ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಆದಿವಾಸಿಗಳನ್ನು ಸಾಹುಕಾರರ ಹಿಡಿತದಿಂದ ಬಿಡಿಸಲು ದುಡಿಯುತ್ತಿದ್ದ ಸನ್ಯಾಸಿನಿ ರಾಣಿ ಮರಿಯ ಅವರದು. 1995ರ ಫೆಬ್ರವರಿ 25ರಂದು ಓಡುವ ಬಸ್ಸಿನಲ್ಲಿ ಬಾಡಿಗೆಯ ಕೊಲೆಗಾರನೊಬ್ಬನು ಅವರನ್ನು ಇರಿದನು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ತಾನೂ ಸನ್ಯಾಸಿನಿಯಾಗಿದ್ದ ತಂಗಿಯು 2002ರಲ್ಲಿ ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿಯನ್ನು ಕಟ್ಟಿ ಅಣ್ಣನೆಂದು ಕರೆದಳು. ಮೃತಳ ತಾಯಿಯು ಮಗಳನ್ನು ಕೊಂದ ಆ ಕೈಗಳಿಗೆ ಮುತ್ತಿಟ್ಟಳು. ಕುಟುಂಬದ ಒಪ್ಪಿಗೆಯ ನೆರವಿನಿಂದ 2006ರಲ್ಲಿ ಬಿಡುಗಡೆಯಾದ ಅವನು ಮುಂದೆ ಆ ಮನೆಯ ಮಗನಂತೆ ಪುಲ್ಲುವಳಿಗೆ ಹೋಗಿಬಂದನು. 2017ರ ನವೆಂಬರ್ 4ರಂದು ಇಂದೂರಿನಲ್ಲಿ ರಾಣಿ ಮರಿಯ ಅವರಿಗೆ ಧನ್ಯರೆಂಬ ಪದವಿಯು ಸಂದಿತು. ಸ್ಟೇನ್ಸರ ಪ್ರಸಂಗದಲ್ಲಿ ಕ್ಷಮೆಯು ಏಕಪಕ್ಷೀಯವಾಗಿ ನಿಂತಿದ್ದರೆ, ಇಲ್ಲಿ ಪಶ್ಚಾತ್ತಾಪವು ಎದುರುಬಂದು ಸಂಧಾನವಾಯಿತು. ಧರ್ಮದ ವಿಧಿಯು ಮೊದಲನೆಯದಕ್ಕೆ ಮಾತ್ರ, ಎರಡನೆಯದು ಯಾರ ವಿಧಿಗೂ ಒಳಪಡದ ಲಾಭ.

ಈ ಉಪದೇಶಕ್ಕೆ ಬಂದಿರುವ ಆಕ್ಷೇಪಣೆಗಳಲ್ಲಿ ಜರ್ಮನ್ ತತ್ತ್ವಜ್ಞ ನೀಚೆಯದು ಪ್ರಸಿದ್ಧವಾದುದು: ಸೇಡು ತೀರಿಸಿಕೊಳ್ಳಲಾರದ ದುರ್ಬಲನು ತನ್ನ ಅಸಾಮರ್ಥ್ಯಕ್ಕೆ ಕ್ಷಮೆಯೆಂಬ ಚೆಂದದ ಹೆಸರನ್ನಿಟ್ಟಿದ್ದಾನೆಂದು 1887ರ ಗ್ರಂಥದಲ್ಲಿ ಅವನು ಹೀಗಳೆದನು. ದಾವೀದನೂ ಯೋಸೇಫನೂ ಪ್ರತೀಕಾರಕ್ಕೆ ಸಮರ್ಥರಾಗಿದ್ದಾಗಲೇ ಕೈತಡೆದರೆಂಬ ಉತ್ತರವು ಇದಕ್ಕೆ ಸಾಕಷ್ಟಾದೀತು. ದಾಸ್ತೊಯೆವ್‌ಸ್ಕಿಯ ‘ಕಾರಮಜೋವ್ ಸಹೋದರರು’ ಕಾದಂಬರಿಯಲ್ಲಿ ಇವಾನನು ಎತ್ತಿದ ಪ್ರಶ್ನೆಯು ಇದಕ್ಕಿಂತ ಕಠಿನವಾದುದು: ಮಗುವನ್ನು ನಾಯಿಗಳಿಂದ ಹರಿಯಿಸಿ ಕೊಂದವನನ್ನು ತಾಯಿಯು ತನ್ನ ದುಃಖದ ಮಟ್ಟಿಗೆ ಕ್ಷಮಿಸಬಹುದು, ಮಗುವಿನ ನೋವಿನ ಪರವಾಗಿ ಕ್ಷಮಿಸಲು ಆಕೆಗೇನು ಅಧಿಕಾರ? ನಾಜಿ ಶಿಬಿರದಲ್ಲಿ ಬಂದಿಯಾಗಿದ್ದ ಯೆಹೂದ್ಯ ಸೈಮನ್ ವೀಸೆಂತಾಲನು ಸಾಯುತ್ತಿದ್ದ ನಾಜಿ ಸೈನಿಕನೊಬ್ಬನು ತಾನು ಮಾಡಿದ ಯೆಹೂದ್ಯರ ಕೊಲೆಗಾಗಿ ಕ್ಷಮೆ ಬೇಡಿದಾಗ ಮೌನವಾಗಿ ಎದ್ದುಬಂದುದನ್ನು ಬರೆದು, ತಾನು ಮಾಡಿದ್ದು ಸರಿಯೇ ಎಂದು ಹಲವು ಚಿಂತಕರನ್ನು ಕೇಳಿದನು. ಕ್ರೈಸ್ತರಲ್ಲಿ ಬಹುಮಂದಿ ಕ್ಷಮಿಸಬಹುದಾಗಿತ್ತೆಂದೂ, ಯೆಹೂದ್ಯರಲ್ಲಿ ಬಹುಮಂದಿ ಸತ್ತವರ ಪರವಾಗಿ ಬದುಕಿದವನು ಕ್ಷಮಿಸಲಾರನೆಂದೂ ಒಲಿದರು. ಈ ಲೇಖಕನಿಗೆ ಎರಡನೆಯ ಪಕ್ಷವೇ ಬಲವತ್ತರವೆಂದು ತೋರುತ್ತದೆ. ಕೊನೆಯ ಕ್ಷಮೆಯು ದೇವರದೆಂದು ನಂಬುವ ಕ್ರೈಸ್ತನಿಗೆ ಅದನ್ನು ತಾನೇ ಆತುರದಿಂದ ಹಂಚುವ ಅಗತ್ಯವೂ ಇಲ್ಲ.

ಒಳಗಿನಿಂದ ಬಂದ ಟೀಕೆಯು ಇನ್ನೂ ಹರಿತವಾದುದು. ಹಿಟ್ಲರನ ಜರ್ಮನಿಯಲ್ಲಿ 1945ರ ಏಪ್ರಿಲ್ 9ರಂದು ಗಲ್ಲಿಗೇರಿದ ಪಾದ್ರಿ ಡೀಟ್ರಿಕ್ ಬಾನ್‌ಹಾಫರನು, ಪಶ್ಚಾತ್ತಾಪವನ್ನು ಕೇಳದೆ ಕ್ಷಮೆಯನ್ನು ಸಾರುವ ಸಭೆಯು ದೇವರ ಕೃಪೆಯನ್ನು ಅಗ್ಗದ ಸರಕಾಗಿಸುತ್ತಿದೆಯೆಂದು 1937ರ ತನ್ನ ಗ್ರಂಥದಲ್ಲಿ ಖಂಡಿಸಿದ್ದನು. ಗುರುಗಳಿಂದಲೇ ಮಕ್ಕಳ ಮೇಲೆ ನಡೆದ ಲೈಂಗಿಕ ಅತ್ಯಾಚಾರಗಳು ಹಲವು ದೇಶಗಳಲ್ಲಿ ಬಯಲಿಗೆ ಬಂದಾಗ, ನೊಂದವರಿಗೆ ಕ್ಷಮಿಸಿ ಸುಮ್ಮನಿರಿರೆಂದು ಮೇಲಿನವರು ಉಪದೇಶಿಸಿದ್ದೂ ಅದೇ ಗುರುಗಳನ್ನು ಬೇರೆ ಊರಿಗೆ ವರ್ಗಾಯಿಸಿದ್ದೂ ಬೆಳಕಿಗೆ ಬಂದುವು. ಹೊಡೆಯುವ ಗಂಡನ ಮನೆಗೇ ಹಿಂದಿರುಗೆಂದು ಹೆಂಡತಿಗೆ ಹೇಳಿದ ಪಾದ್ರಿಗಳೂ ಕಡಮೆಯಿಲ್ಲ. ನೊಂದವನ ಸ್ವಾತಂತ್ರ್ಯವಾಗಿ ಹುಟ್ಟಿದ ತತ್ತ್ವವನ್ನು ನೋಯಿಸಿದವನ ರಕ್ಷೆಯಾಗಿ ಬಳಸಿದ ಈ ದುರುಪಯೋಗವನ್ನು ತಡೆಯುವುದಕ್ಕಾಗಿ, ಪೋಪ್ ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿದ ಶಾಸನದಿಂದ, ಇಂಥ ಕೃತ್ಯವನ್ನಾಗಲಿ ಅದನ್ನು ಮುಚ್ಚಿಟ್ಟುದನ್ನಾಗಲಿ ತಿಳಿದ ಪ್ರತಿಯೊಬ್ಬ ಗುರುವೂ ಸನ್ಯಾಸಿಯೂ ಸಭಾಧಿಕಾರಿಗಳಿಗೆ ವರದಿ ಮಾಡುವುದು ಕಡ್ಡಾಯವಾಯಿತು. ದೂರುಕೊಟ್ಟವರ ಮೇಲೆ ಮೌನವನ್ನು ಹೇರಕೂಡದೆಂಬುದೂ ಅದರಲ್ಲಿ ಸೇರಿದೆ.